ಯಾವ ಪಾರ್ಟಿಯವರು? ರೊಕ್ಕ ಯಾರದು?

ಉಪ್ಪಿನಬೆಟಗೇರಿಯಂಥ ಊರಿಗೆ ಯಾರಾದರೂ ಕರಪತ್ರ ಹಿಡಿದು ಹೋದರೆ ಎರಡು ಪ್ರಶ್ನೆ ತಪ್ಪಿದ್ದಲ್ಲ. ‘ನೀವು ಯಾವ ಪಾರ್ಟಿಯವರ್ರೀ?’ ಎಂಬುದು ಮೊದಲನೆಯದು. ಯಾವ ಪಾರ್ಟಿಯವರೂ ಅಲ್ಲ ಎಂದರೆ ಎರಡನೆಯದು ಬರುತ್ತದೆ: ‘ಮತ್ತ ರೊಕ್ಕ ಯಾರು ಕೊಡ್ತಾರ?’ ಧಾರವಾಡ ತಾಲ್ಲೂಕಿನ ಈ ದೊಡ್ಡ ಹಳ್ಳಿಗೆ ಎರಡನ್ನೂ ಕೇಳುವ ಹಕ್ಕಿದೆ. ಜಾತ್ರೆ, ಗಣಪತಿ, ಪುರಾಣ ಪ್ರವಚನ, ಎಲ್ಲಕ್ಕೂ ಪಟ್ಟಿ ಎತ್ತುವ ಸೀಮೆ ಇದು. ಯಾರು ಎಷ್ಟು ಕೊಟ್ಟರು ಎಂದು ಮೈಕಿನಲ್ಲಿ ಓದಿ ಹೇಳುತ್ತಾರೆ. ಐದುನೂರು ಕೊಟ್ಟವನ ಹೆಸರು ಬಿಟ್ಟುಹೋದರೆ ಮರುದಿನ ಕಟ್ಟೆಯ ಮೇಲೆ ಜಗಳ. ಕೊಟ್ಟವರ ಹೆಸರು ಊರಿಗೆಲ್ಲ ಗೊತ್ತಿರಬೇಕು, ಕೊಟ್ಟಷ್ಟಕ್ಕೆ ತೇರು ಯಾರ ಮನೆ ಮುಂದೂ ಹೆಚ್ಚು ಹೊತ್ತು ನಿಲ್ಲಬಾರದು. ಇಷ್ಟೇ ಕರಾರು.

ನಾಗರಿಕ ಹಕ್ಕುಗಳ ಪರ ಕೆಲಸ ಮಾಡುವ ಸಂಘಟನೆಗಳಿಗೂ ಇದೇ ಎರಡು ಪ್ರಶ್ನೆ. ದೆಹಲಿಯ ಗೃಹ ಸಚಿವಾಲಯ ಅದನ್ನು ಕಾಯ್ದೆಯ ಭಾಷೆಯಲ್ಲಿ ಕೇಳುತ್ತದೆ, ಟಿವಿಯ ಚರ್ಚೆಗಳು ಕಿರುಚಿ ಕೇಳುತ್ತವೆ. ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಧಾರವಾಡದಲ್ಲೇ ಅದಕ್ಕೆ ನಲವತ್ತು ವರ್ಷದ ಕಥೆಯೊಂದಿದೆ.

ಸಮಾಜ ಪರಿವರ್ತನ ಸಮುದಾಯ ಹುಟ್ಟಿದ್ದು 1984ರಲ್ಲಿ. ತುಂಗಭದ್ರೆಗೆ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಕೊಳೆನೀರು ಸೇರಿ ಮೀನು ಸಾಯತೊಡಗಿದಾಗ ರಾಣೆಬೆನ್ನೂರು ತಾಲ್ಲೂಕಿನ ನದಿದಂಡೆಯ ಊರುಗಳ ಜೊತೆ ನಿಂತದ್ದು ಅದರ ಆರಂಭದ ಕೆಲಸ. ಅದೇ ವರ್ಷ ರಾಜ್ಯ ಸರ್ಕಾರ ಆ ಕಾರ್ಖಾನೆಯ ಜೊತೆ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿತು. ನೀಲಗಿರಿ ಬೆಳೆಯಲೆಂದು ಅದಕ್ಕೆ ಕೊಡಲು ಹೊರಟಿದ್ದು ಸುಮಾರು 30,000 ಹೆಕ್ಟೇರ್ ನೆಲ. ದನ ಮೇಯುವ, ಸೌದೆ ತರುವ, ಊರೊಟ್ಟಿನ ನೆಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು, ಹೆಂಗಸರು ಬಹಳ ಮಂದಿ. ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ದನಕ್ಕೂ ಜನಕ್ಕೂ ಬರುವ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂಬ ಹೆಸರು ಆ ಸತ್ಯಾಗ್ರಹಕ್ಕೆ ಅಂಟಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಸಮುದಾಯದ ಜೊತೆ ಶಿವರಾಮ ಕಾರಂತರ ಹೆಸರೂ ಇತ್ತು. 1991ರಲ್ಲಿ ಕಂಪನಿ ಮುಚ್ಚಿತು.

ಕಂಪನಿ ಹುಟ್ಟಿದಾಗಲೂ ಸತ್ಯಾಗ್ರಹ ನಡೆದಾಗಲೂ ರಾಜ್ಯದಲ್ಲಿ ಇದ್ದದ್ದು ಜನತಾ ಸರ್ಕಾರ, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು. ಸಮುದಾಯದ ಮುಂದಾಳು ಎಸ್.ಆರ್. ಹಿರೇಮಠ ಕೂಡ ಅದೇ ತುರ್ತು ಪರಿಸ್ಥಿತಿಯ ವಿರುದ್ಧ ದನಿ ಎತ್ತಿದವರು, ಅದೂ ಅಮೆರಿಕದಲ್ಲಿದ್ದುಕೊಂಡು. ಅಲ್ಲಿನ ‘ಇಂಡಿಯನ್ಸ್ ಫಾರ್ ಡೆಮಾಕ್ರಸಿ’ ಗುಂಪಿನಲ್ಲಿ ಅವರಿದ್ದರು. ಸುಗತ ಶ್ರೀನಿವಾಸರಾಜು ಅವರ ‘ದಿ ಕಾನ್ಷಿಯೆನ್ಸ್ ನೆಟ್‌ವರ್ಕ್’ ಎಂಬ 2025ರ ಇಂಗ್ಲಿಷ್ ಪುಸ್ತಕ ಆ ಗುಂಪಿನ ಕಥೆಯನ್ನೇ ಹೇಳುತ್ತದೆ. ಅಂದಮೇಲೆ ಹೆಗಡೆ ಸರ್ಕಾರ ಹಿರೇಮಠರಿಗೆ ‘ನಮ್ಮವರ’ ಸರ್ಕಾರವೇ ಆಗಬೇಕಿತ್ತು. ಆಗಲಿಲ್ಲ.

ಇನ್ನು ರೊಕ್ಕದ ಮಾತು. ಹಿರೇಮಠ ಮತ್ತು ಗೆಳೆಯರು 1974ರಲ್ಲಿ ಷಿಕಾಗೋದಲ್ಲಿ ‘ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್’ ಎಂಬ ಸಂಸ್ಥೆ ಕಟ್ಟಿದ್ದರು. ಅಲ್ಲಿ ನೆಲೆಸಿದ ಭಾರತೀಯರು ಕೈಯಿಂದ ಹಾಕಿದ ಹಣ ಇಲ್ಲಿನ ಹಳ್ಳಿಗಳ ಕೆಲಸಕ್ಕೆ ಬರಬೇಕು ಎಂಬುದು ಅದರ ಉದ್ದೇಶ. 1979ರಲ್ಲಿ ಅವರು ಕುಟುಂಬ ಸಮೇತ ಮರಳಿ ಬಂದು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಆ ಕೆಲಸ ಶುರು ಮಾಡಿದರು. ಅಭಿವೃದ್ಧಿಗೆ ಒಂದು ಸಂಸ್ಥೆ, ಹೋರಾಟಕ್ಕೆ ಇನ್ನೊಂದು. ಈ ವಿಂಗಡಣೆ ನೋಡಲಿಕ್ಕೆ ಸಣ್ಣದು, ಆದರೆ ಇದರಲ್ಲಿ ದೊಡ್ಡ ಜಾಣತನವಿದೆ. ಬಾವಿ ತೋಡಿಸುವ, ಹೊಲಿಗೆ ಕಲಿಸುವ ಹಣಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಬಾವಿಯ ನೀರು ಯಾಕೆ ಕೆಟ್ಟಿತು ಎಂದು ಕೇಳಿದ ದಿನವೇ ‘ಹಣ ಎಲ್ಲಿಂದ ಬಂತು’ ಎಂಬ ಪ್ರಶ್ನೆ ಬಾಗಿಲಿಗೆ ಬರುತ್ತದೆ.

ಷಿಕಾಗೋ ಎಂದಾಗ ಇನ್ನೊಂದು ಸಂಗತಿ. ಹಿರೇಮಠ ಅಲ್ಲಿದ್ದ ಕಾಲದಲ್ಲೇ, 1977–78ರಲ್ಲಿ, ಆ ನಗರದ ಹೊರವಲಯದ ಸ್ಕೋಕಿ ಎಂಬ ಊರಿನಲ್ಲಿ ಅಮೆರಿಕದ ನಾತ್ಸಿ ಗುಂಪೊಂದು ಮೆರವಣಿಗೆಗೆ ಅನುಮತಿ ಕೇಳಿತು. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಯಹೂದಿಗಳು ಬಹಳಷ್ಟು ಮಂದಿ ನೆಲೆಸಿದ್ದ ಊರು ಅದು. ಊರು ಬೇಡ ಎಂದಿತು. ನಾತ್ಸಿಗಳ ಪರವಾಗಿ ವಾದಕ್ಕೆ ನಿಂತದ್ದು 1920ರಿಂದ ನಾಗರಿಕ ಸ್ವಾತಂತ್ರ್ಯದ ಕಾವಲಿಗಿದ್ದ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ (ಎಸಿಎಲ್‌ಯು). ವಾದಿಸಿದ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯಹೂದಿ. ಆ ಗುಂಪಿನ ಮಾತು ಹೇಸಿಗೆಯೇ ಇರಲಿ, ಮಾತಾಡುವ ಹಕ್ಕು ಇಂದು ಅವರಿಗಿಲ್ಲ ಎಂದರೆ ನಾಳೆ ನಮಗೂ ಇರುವುದಿಲ್ಲ ಎಂಬುದು ಸಂಸ್ಥೆಯ ನಿಲುವು. ಸಾವಿರಾರು ಸದಸ್ಯರು ವರ್ಗಣಿ ನಿಲ್ಲಿಸಿ ಹೊರನಡೆದರು. ಸಂಖ್ಯೆ ಸುಮಾರು 30,000 ಎನ್ನುತ್ತಾರೆ. ತಟಸ್ಥರಾಗಿರುವುದಕ್ಕೆ ತೆತ್ತ ಬೆಲೆ ನೇರವಾಗಿ ಲೆಕ್ಕದ ಪುಸ್ತಕದಲ್ಲೇ ಕಂಡಿತು.

ನಲವತ್ತು ವರ್ಷದ ಮೇಲೆ ಗಾಳಿ ತಿರುಗಿತು. 2017ರ ಜನವರಿ ಕೊನೆಯಲ್ಲಿ ಟ್ರಂಪ್ ಕೆಲವು ದೇಶಗಳ ಜನರ ಪ್ರವೇಶ ನಿಷೇಧಿಸಿದಾಗ ಎಸಿಎಲ್‌ಯು ಕೋರ್ಟಿಗೆ ಹೋಯಿತು, ಒಂದೇ ವಾರಾಂತ್ಯದಲ್ಲಿ ಅದಕ್ಕೆ 2.4 ಕೋಟಿ ಡಾಲರ್ ದೇಣಿಗೆ ಬಂತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿ ಕ್ಯಾವನಾ ಅವರ ನೇಮಕದ ವಿರುದ್ಧ ಅದು ಹತ್ತು ಲಕ್ಷಕ್ಕೂ ಹೆಚ್ಚು ಡಾಲರ್ ಸುರಿದು ಜಾಹೀರಾತು ಕೊಟ್ಟಿತು. ಹಳೆಯ ತಲೆಮಾರಿನ ಹಲವರಿಗೆ ಇದು ಸರಿಬರಲಿಲ್ಲ. ಸರ್ಕಾರದ ಹಣವಲ್ಲ, ಕಂಪನಿಯ ಹಣವಲ್ಲ, ಸಾಮಾನ್ಯ ಜನ ಪ್ರೀತಿಯಿಂದ ಕೊಟ್ಟ ಹಣ. ಆದರೂ ಅದು ಒಂದು ಕಡೆಗೆ ಜಗ್ಗುತ್ತದೆ. ಟ್ರಂಪ್ ವಿರುದ್ಧ ಹೋರಾಡಲಿ ಎಂದು ಕೊಟ್ಟವನು, ನಾಳೆ ಸಂಸ್ಥೆ ಟ್ರಂಪ್ ಬೆಂಬಲಿಗನ ಪರ ವಕಾಲತ್ತು ಹಾಕಿದರೆ ಸುಮ್ಮನಿರುತ್ತಾನೆಯೇ? ಶುದ್ಧ ರೊಕ್ಕ ಎಂಬುದು ಎಲ್ಲೂ ಇದ್ದಂತಿಲ್ಲ.

ಇದನ್ನು ಮೊದಲೇ ಊಹಿಸಿದ್ದವರು ಅಮ್ನೆಸ್ಟಿ ಇಂಟರ್‌ನ್ಯಾಷನಲ್‌ನವರು. 1961ರಲ್ಲಿ ಶುರುವಾದಾಗ ಅದರ ಪ್ರತಿ ಸ್ಥಳೀಯ ಗುಂಪೂ ಮೂವರು ಕೈದಿಗಳನ್ನು ವಹಿಸಿಕೊಳ್ಳಬೇಕಿತ್ತು: ಒಬ್ಬ ಪಶ್ಚಿಮದ ದೇಶದವನು, ಒಬ್ಬ ಕಮ್ಯುನಿಸ್ಟ್ ದೇಶದವನು, ಒಬ್ಬ ಮೂರನೇ ಜಗತ್ತಿನವನು. ಲೆಕ್ಕಾಚಾರದ ತಟಸ್ಥತೆ. ಸ್ವಲ್ಪ ಗಣಿತದ ಮೇಷ್ಟ್ರ ವಾಸನೆ ಇದ್ದರೂ ಶೀತಲಸಮರದ ಕಾಲಕ್ಕೆ ಅದು ಕೆಲಸ ಮಾಡಿತು.

ಬೆಂಗಳೂರಿನಲ್ಲಿ ಅದು ಕೆಲಸ ಮಾಡಲಿಲ್ಲ. 2016ರ ಆಗಸ್ಟ್‌ನಲ್ಲಿ ಅಮ್ನೆಸ್ಟಿಯ ಭಾರತ ಶಾಖೆ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಕಾಶ್ಮೀರದ ಕುಟುಂಬಗಳ ಕುರಿತು ಸಭೆ ನಡೆಸಿದಾಗ ಎಬಿವಿಪಿ ದೂರಿನ ಮೇಲೆ ರಾಜದ್ರೋಹದ ಎಫ್‌ಐಆರ್ ದಾಖಲಾಯಿತು. ಆಗ ರಾಜ್ಯದಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ ಎಂಬುದನ್ನು ಮರೆಯುವಂತಿಲ್ಲ. ಮುಂದೆ 2018ರ ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ, 2019ರ ನವೆಂಬರ್‌ನಲ್ಲಿ ಸಿಬಿಐ ಶೋಧ ನಡೆಸಿದವು. ವಿದೇಶಿ ದೇಣಿಗೆ ಕಾಯ್ದೆಯನ್ನು ತಪ್ಪಿಸಿ ಕಂಪನಿಯ ಮೂಲಕ ಹಣ ತರಿಸಿಕೊಂಡರು ಎಂಬುದು ಆರೋಪ, ಎಲ್ಲವೂ ಕಾನೂನಿನ ಪ್ರಕಾರವೇ ಇದೆ ಎಂಬುದು ಸಂಸ್ಥೆಯ ಉತ್ತರ. 2020ರ ಸೆಪ್ಟೆಂಬರ್‌ನಲ್ಲಿ ಖಾತೆಗಳು ಸ್ಥಗಿತಗೊಂಡವು, ಕಚೇರಿ ಬಾಗಿಲು ಹಾಕಿತು. ಎಂಟು ವರ್ಷದಲ್ಲಿ ಸುಮಾರು ಒಂದು ಲಕ್ಷ ಭಾರತೀಯರು ತಮಗೆ ದೇಣಿಗೆ ಕೊಟ್ಟಿದ್ದಾರೆ ಎಂದು ಹೊರಡುವಾಗ ಅದು ಹೇಳಿತು. ಆ ಲಕ್ಷ ಮಂದಿಯ ಹಣವೂ ಅದೇ ಖಾತೆಗಳ ಜೊತೆ ನಿಂತಿತು.

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಹುಟ್ಟನ್ನು ನೋಡಿದರೆ ಈ ಕಥೆಯ ಬೇರು ಸಿಗುತ್ತದೆ. ಅದು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಜಯಪ್ರಕಾಶ ನಾರಾಯಣರ ಚಳವಳಿಯ ಹಿಂದೆ ವಿದೇಶಿ ಕೈ ಇದೆ ಎಂದು ಇಂದಿರಾ ಗಾಂಧಿ ಹೇಳುತ್ತಿದ್ದ ದಿನಗಳು. ಅವರು ಮತ್ತೆ ಅಧಿಕಾರಕ್ಕೆ ಬಂದಮೇಲೆ 1982ರಲ್ಲಿ ಕುದಾಲ್ ಆಯೋಗ ನೇಮಿಸಿ ಗಾಂಧಿ ಶಾಂತಿ ಪ್ರತಿಷ್ಠಾನ, ಸರ್ವ ಸೇವಾ ಸಂಘಗಳ ಲೆಕ್ಕ ಕೆದಕಿದರು. ಜೆಪಿಯ ಜೊತೆ ನಿಂತವರ ಮೇಲಿನ ಸಿಟ್ಟು ಎಂದು ಆಗಲೇ ಎಲ್ಲರಿಗೂ ಗೊತ್ತಿತ್ತು. ಆ ಕಾಯ್ದೆಯಿಂದ ಏಟು ತಿಂದವರ ವಾರಸುದಾರರೇ ಮುಂದೆ ದೆಹಲಿಯ ಗದ್ದುಗೆ ಏರಿದರು. ಕಾಯ್ದೆ ಸಡಿಲಾಗಲಿಲ್ಲ. ಮನಮೋಹನ್ ಸಿಂಗ್ ಕಾಲದಲ್ಲಿ 2010ರ ಹೊಸ ಕಾಯ್ದೆ ಬಂತು. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು, ಒಂದು ಸಂಸ್ಥೆ ಇನ್ನೊಂದಕ್ಕೆ ವಿದೇಶಿ ಹಣ ದಾಟಿಸುವುದನ್ನು ನಿಲ್ಲಿಸಿತು, ಎಲ್ಲರೂ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯಲ್ಲಿ ಖಾತೆ ತೆರೆಯಬೇಕು ಎಂದಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹೊರದೇಶದ ಹಣದಿಂದ ದೇಶದ ರಾಜಕೀಯ ನಡೆಯಬಾರದು ಎಂಬ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಎಡವಟ್ಟು ಬೇರೆ ಕಡೆ ಇದೆ. ವೇದಾಂತ ಗುಂಪಿನ ಕಂಪನಿಗಳಿಂದ ಹಣ ಪಡೆದು ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಈ ಕಾಯ್ದೆ ಉಲ್ಲಂಘಿಸಿವೆ ಎಂದು 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಸಂಸತ್ತು ಏನು ಮಾಡಿತು? 2016ರ ಮತ್ತು 2018ರ ಹಣಕಾಸು ಮಸೂದೆಗಳ ಒಳಗೆ ತಿದ್ದುಪಡಿ ತೂರಿಸಿ, ‘ವಿದೇಶಿ ಮೂಲ’ದ ವ್ಯಾಖ್ಯೆಯನ್ನೇ ಬದಲಿಸಿ, 1976ರ ಆಗಸ್ಟ್ 5ರಿಂದಲೇ ಜಾರಿಯಾಗುವಂತೆ ಎರಡೂ ಪಕ್ಷಗಳ ತಪ್ಪನ್ನು ಹಿಂದಿನಿಂದ ಒರೆಸಿಹಾಕಿತು. ಸದನದಲ್ಲಿ ದಿನಬೆಳಗಾದರೆ ಕಚ್ಚಾಡುವವರು ಈ ವಿಷಯದಲ್ಲಿ ಗದ್ದಲ ಮಾಡಲಿಲ್ಲ. ಹಕ್ಕುಗಳ ಸಂಘಟನೆಯ ಗುಮಾಸ್ತನ ಸಂಬಳ ಶೇಕಡ 20ರೊಳಗೆ ಇರಬೇಕು. ಪಕ್ಷಗಳಿಗೆ 42 ವರ್ಷದ ಮಾಫಿ.

ಇದೇ ಕಾಯ್ದೆಯ ನಿಯಮವೊಂದು ಬಂದ್, ರಸ್ತೆ ತಡೆ, ರೈಲು ತಡೆ, ಜೈಲು ಭರೋ ಮಾಡುವ ಸಂಘಟನೆಗಳನ್ನೆಲ್ಲ ‘ರಾಜಕೀಯ ಸ್ವರೂಪದವು’ ಎಂದು ಕರೆಯಲು ಅವಕಾಶ ಕೊಟ್ಟಿತ್ತು. 2020ರ ಮಾರ್ಚ್‌ನಲ್ಲಿ ಇನ್ಸಾಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೊಟಕುಗೊಳಿಸಿತು: ಪಕ್ಷ ರಾಜಕೀಯದ ಗುರಿಯಿಲ್ಲದೆ ಜನರ ಬೇಡಿಕೆಗೆ ಬೆಂಬಲ ಕೊಡುವುದನ್ನು ರಾಜಕೀಯ ಎನ್ನಲಾಗದು. ನವಲಗುಂದ, ನರಗುಂದದ ಕಡೆಯವರಿಗೆ ಈ ತೀರ್ಪು ವಿವರಿಸಿ ಹೇಳಬೇಕಾಗಿಲ್ಲ. ರಸ್ತೆ ತಡೆಯದೆ ಅಲ್ಲಿ ಮಲಪ್ರಭೆಯ ಬಗ್ಗೆ ಯಾರೂ ಕಿವಿಗೊಟ್ಟದ್ದೇ ಇಲ್ಲ. 1980ರ ಜುಲೈ 21ರ ರೈತ ಬಂಡಾಯದಲ್ಲಿ, ಗುಂಡೂರಾವ್ ಸರ್ಕಾರದ ಕಾಲದಲ್ಲಿ, ರೈತರೂ ಸತ್ತರು, ಪೊಲೀಸರೂ ಸತ್ತರು. 2016ರ ಜುಲೈ ಕೊನೆಗೆ, ಮಲಪ್ರಭೆಗೆ ನೀರು ತಿರುಗಿಸಲು ಮಹದಾಯಿ ನ್ಯಾಯಮಂಡಳಿ ಮಧ್ಯಂತರ ಪರಿಹಾರ ನಿರಾಕರಿಸಿದ ಬೆನ್ನಲ್ಲೇ, ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗೆ ನುಗ್ಗಿ ಮುದುಕರು, ಹೆಂಗಸರು ಎನ್ನದೆ ಬಡಿದದ್ದನ್ನು ರಾಜ್ಯವೆಲ್ಲ ಟಿವಿಯಲ್ಲಿ ನೋಡಿತು. ಆಗ ಕಾಂಗ್ರೆಸ್ ಆಳ್ವಿಕೆ, ಬಿಜೆಪಿಗೆ ಕಣ್ಣೀರು. ಕುರ್ಚಿ ಬದಲಾದಾಗ ಕಣ್ಣೀರೂ ಮನೆ ಬದಲಿಸುತ್ತದೆ.

ಹೊರಗಿನ ಹಣದ ಗೋಜೇ ಬೇಡ ಎಂದವರು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ (ಪಿಯುಸಿಎಲ್) ಸಂಘಟನೆಯವರು. ದೇಶದ್ದಾಗಲಿ ವಿದೇಶದ್ದಾಗಲಿ ಯಾವ ನಿಧಿ ಸಂಸ್ಥೆಯಿಂದಲೂ ಹಣ ಪಡೆಯುವುದಿಲ್ಲ, ಸದಸ್ಯರೇ ಖರ್ಚು ಹಾಕಬೇಕು ಎಂಬುದು ಅವರ ನಿಯಮ. ಅದರ ಮೂಲ 1976ರಲ್ಲಿ ಜೆಪಿ ಕಟ್ಟಿದ ಸಂಘಟನೆಯಲ್ಲಿದೆ. ಮರುವರ್ಷ ಜನತಾ ಸರ್ಕಾರ ಬಂತು, ಹಲವು ಗೆಳೆಯರು ಮಂತ್ರಿಗಳಾದರು, ಸಂಘಟನೆ ಮಲಗಿಬಿಟ್ಟಿತು. ‘ನಮ್ಮವರೇ ಬಂದರಲ್ಲ, ಇನ್ನೇನು’ ಎಂಬ ನೆಮ್ಮದಿ. 1980ರಲ್ಲಿ ಇಂದಿರಾ ಮರಳಿದ ಮೇಲೆ ವಿ.ಎಂ. ತಾರ್ಕುಂಡೆ ಮೊದಲಾದವರು ಅದಕ್ಕೆ ಮತ್ತೆ ಜೀವ ಕೊಟ್ಟರು. ಇದಕ್ಕೂ ಹಳೆಯ ಉದಾಹರಣೆ ಇದೆ. 1936ರಲ್ಲಿ ನೆಹರೂ ಮುಂದಾಳತ್ವದಲ್ಲಿ ರವೀಂದ್ರನಾಥ ಟ್ಯಾಗೋರರನ್ನು ಗೌರವಾಧ್ಯಕ್ಷರಾಗಿಸಿ ಇಂಡಿಯನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಹುಟ್ಟಿತು. ಸರ್ಕಾರವನ್ನು ವಿರೋಧಿಸುವ ಹಕ್ಕೇ ನಾಗರಿಕ ಸ್ವಾತಂತ್ರ್ಯದ ತಿರುಳು ಎಂದು ನೆಹರೂ ಆಗ ವಾದಿಸಿದ್ದರು. ಮರುವರ್ಷ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದಾಗ ಅದೇ ಯೂನಿಯನ್ನಿಗೆ ಬಾಯಿ ಬಿಗಿಯಾಯಿತು. ಹಣದ ಮೂಲವನ್ನು ಎಷ್ಟು ತೊಳೆದರೂ ಗೆಳೆತನದ ಮುಲಾಜನ್ನು ತೊಳೆಯುವುದು ಕಷ್ಟ.

ಎರಡನೇ ಜನ್ಮದಲ್ಲಿ ಪಿಯುಸಿಎಲ್ ಆ ಮುಲಾಜು ಬಿಟ್ಟಿತು. ದೂರವಾಣಿ ಕದ್ದಾಲಿಕೆಗೆ ಕಡಿವಾಣ ಹಾಕಿದ ತೀರ್ಪು (1996), ಅಭ್ಯರ್ಥಿಗಳು ಆಸ್ತಿ, ಅಪರಾಧ ಪ್ರಕರಣಗಳ ವಿವರ ಕೊಡಲೇಬೇಕೆಂಬ ತೀರ್ಪು (2003), ಮತಯಂತ್ರದಲ್ಲಿ ‘ನೋಟಾ’ ಗುಂಡಿ ತಂದ ತೀರ್ಪು (2013), ಮೂರೂ ಅದರ ಅರ್ಜಿಯಿಂದ ಬಂದವು. ಕದ್ದಾಲಿಕೆಯ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ನೆನಪಿದೆ: 1988ರಲ್ಲಿ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಅದೇ ಆರೋಪದಿಂದ. ಜೈಲಿನ ಕಂಬಿ ಎಣಿಸಿದವರಿಗೂ ಗದ್ದುಗೆಯ ಮೇಲೆ ಕಿವಿ ಚುರುಕಾಗುತ್ತದೆ ಎಂದಾಯಿತು.

ಸ್ವಂತ ಹಣದ ನಿಯಮಕ್ಕೂ ಒಂದು ನೋವಿದೆ. ಸದಸ್ಯರೇ ಹಾಕಬೇಕು ಎಂದರೆ ನಿವೃತ್ತ ಪ್ರೊಫೆಸರ್, ವಕೀಲ, ಬ್ಯಾಂಕ್ ನೌಕರಿ ಮಾಡಿದವರು ಹಾಕಬಲ್ಲರು. ಗಾರೆ ಕೆಲಸದವನು ಹಾಕಲಾರ. ಧಾರವಾಡದ ಹೊರಗೆ ಬೇಲೂರಿನ ಬಳಿ ಹೈಕೋರ್ಟ್ ಪೀಠ ಬಂದಮೇಲೆ ಈ ಭಾಗದವರಿಗೆ ಬೆಂಗಳೂರಿನ ರಾತ್ರಿ ಬಸ್ ತಪ್ಪಿದೆ. ಆದರೂ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂದರೆ ಮಾಹಿತಿ ಹಕ್ಕಿನಲ್ಲಿ ಪುಟಕ್ಕೆ ಎರಡು ರೂಪಾಯಿಯಂತೆ ಕಡತ ತೆಗೆಸಬೇಕು, ದೃಢೀಕೃತ ನಕಲಿಗೆ ತಹಶೀಲ್ದಾರ್ ಕಚೇರಿಗೆ ನಾಲ್ಕಾರು ಸಲ ಅಲೆಯಬೇಕು, ಕನ್ನಡದ ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಬೇಕು, ಪ್ರತಿ ಎದುರಾಳಿಗೂ ಒಂದೊಂದು ಕಟ್ಟು ಝೆರಾಕ್ಸ್ ಮಾಡಿಸಬೇಕು. ವಕೀಲರು ಫೀ ಬಿಟ್ಟರೂ ಝೆರಾಕ್ಸ್ ಅಂಗಡಿಯವರು ಬಿಡುವುದಿಲ್ಲ.

ಇಷ್ಟೆಲ್ಲ ಕಾಗದ ಹೊತ್ತು ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳು ನಿಂತವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ಕಂಡ ‘ಸಿ’ ವರ್ಗದ 49 ಗುತ್ತಿಗೆಗಳು ರದ್ದಾದವು. ನಡುವೆ, 2012ರ ಮೇನಲ್ಲಿ, ಇದೇ ಅರ್ಜಿಯ ಮೇಲೆ ಬಿ.ಎಸ್. ಯಡಿಯೂರಪ್ಪ ಕುಟುಂಬದ ಟ್ರಸ್ಟಿಗೆ ಗಣಿ ಕಂಪನಿಯಿಂದ ಬಂದ ದೇಣಿಗೆಯ ಕುರಿತು ಸಿಬಿಐ ತನಿಖೆಗೆ ಆದೇಶವಾಯಿತು. (2016ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಅವರನ್ನೂ ಉಳಿದವರನ್ನೂ ಖುಲಾಸೆ ಮಾಡಿತು.) ಬಿಜೆಪಿಯವರಿಗೆ ಹಿರೇಮಠ ಕಾಂಗ್ರೆಸ್ ಏಜೆಂಟರಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದ ಸಿದ್ದರಾಮಯ್ಯ ಆ ಅಲೆಯ ಮೇಲೇ 2013ರ ಮೇನಲ್ಲಿ ಮುಖ್ಯಮಂತ್ರಿಯಾದರು.

ಆರು ತಿಂಗಳು ಕಳೆಯಿತು. ಅದೇ ಹಿರೇಮಠ ಗಣಿಗೆ ಸಂಬಂಧಿಸಿದ ದಾಖಲೆ ಹಿಡಿದು ಹೊಸ ಸರ್ಕಾರದ ಸಚಿವ ಸಂತೋಷ್ ಲಾಡ್ ಅವರ ರಾಜೀನಾಮೆ ಕೇಳಿದರು. ಲಾಡ್ ಧಾರವಾಡ ಜಿಲ್ಲೆಯದೇ ಕಲಘಟಗಿಯ ಶಾಸಕರು. ಆರೋಪ ಒಪ್ಪದಿದ್ದರೂ 2013ರ ನವೆಂಬರ್‌ನಲ್ಲಿ ಅವರು ಸ್ಥಾನ ಬಿಟ್ಟರು. ಡಿ.ಕೆ. ಶಿವಕುಮಾರ್ ಸಂಪುಟ ಸೇರಿದಾಗಲೂ ಸಮುದಾಯದ ವಿರೋಧ ನಿಲ್ಲಲಿಲ್ಲ. ಬಿಡದಿ ಬಳಿಯ ಕೇತಗಾನಹಳ್ಳಿಯ ಜಮೀನು ಒತ್ತುವರಿ ಆರೋಪದಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರನ್ನೂ ಅದು ಹೈಕೋರ್ಟಿನವರೆಗೆ ಎಳೆಯಿತು. ಅವರು ಆರೋಪ ನಿರಾಕರಿಸಿದ್ದಾರೆ. ಮೂರು ಪಕ್ಷ, ಮೂರು ಕಡೆಯಿಂದಲೂ ಬೈಗುಳ. ಹಿರೇಮಠರ ವಿಧಾನ, ಅವರ ಪತ್ರಿಕಾಗೋಷ್ಠಿಗಳ ಏರುದನಿ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಆದರೆ ತಟಸ್ಥತೆಯನ್ನು ಅಳೆಯಲು ಸುಮ್ಮನಿದ್ದ ದಿನಗಳನ್ನು ಎಣಿಸಿ ಪ್ರಯೋಜನವಿಲ್ಲ, ಸರ್ಕಾರ ಬದಲಾದ ಮೊದಲ ವರ್ಷ ಏನು ಮಾಡಿದರು ಎಂದು ನೋಡಬೇಕು.

ಈ ಅಳತೆಗೋಲು ಹುಬ್ಬಳ್ಳಿಯಲ್ಲಿ ಹೆಚ್ಚು ಚುಚ್ಚುತ್ತದೆ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮೇಲೆ ಗುಂಪು ಕಲ್ಲು ತೂರಿತು, ನೂರೈವತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು, ಯುಎಪಿಎ ಹೇರಲಾಯಿತು. ಕಲ್ಲು ಹೊಡೆದದ್ದು ಅಪರಾಧವೇ. ಅದಕ್ಕೆ ಭಯೋತ್ಪಾದನೆಯ ಕಾಯ್ದೆ ಬೇಕೇ, ವಿಚಾರಣೆಯಿಲ್ಲದೆ ಎಷ್ಟು ಕಾಲ ಒಳಗಿಡಬಹುದು ಎಂಬುದು ಹಕ್ಕಿನ ಪ್ರಶ್ನೆ. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಈ ಪ್ರಕರಣವೂ ಸೇರಿ 43 ಪ್ರಕರಣ ಹಿಂಪಡೆಯಲು ತೀರ್ಮಾನಿಸಿತು. 2025ರ ಮೇ 29ರಂದು ಹೈಕೋರ್ಟ್ ಆ ಆದೇಶ ರದ್ದುಪಡಿಸಿತು. ಜಾಮೀನಿನ ಹಕ್ಕಿಗಾಗಿ ದನಿ ಎತ್ತಿದವರು ಸಂಪುಟದ ಕೃಪೆಯಿಂದ ಪ್ರಕರಣ ಮಾಯವಾಗುವುದನ್ನೂ ಒಪ್ಪಬೇಕೇ? ಒಪ್ಪಿದರೆ, ನಾಳೆ ಬಿಜೆಪಿ ಸರ್ಕಾರ ತನ್ನವರ ಪ್ರಕರಣ ಕೈಬಿಟ್ಟಾಗ ಏನೆನ್ನುವುದು? ಇದೇ ಊರಿನ ಈದ್ಗಾ ಮೈದಾನದ 1994ರ ಪ್ರಕರಣದಲ್ಲಿ ಹುಬ್ಬಳ್ಳಿ ನ್ಯಾಯಾಲಯದ ವಾರಂಟ್ ಬಂದು 2004ರಲ್ಲಿ ಉಮಾಭಾರತಿ ಮಧ್ಯಪ್ರದೇಶದ ಮುಖ್ಯಮಂತ್ರಿ ಸ್ಥಾನ ಬಿಡಬೇಕಾಯಿತು. ನ್ಯಾಯಾಲಯದ ದಾರಿ ಇಬ್ಬರಿಗೂ ಒಂದೇ ಇರಬೇಕು ಎನ್ನುವುದು ಬಾಯಲ್ಲಿ ಸುಲಭ. ಎರಡೂ ಓಣಿಗಳಲ್ಲಿ ನಿಂತು ಅದನ್ನು ಹೇಳುವ ಸಂಘಟನೆಗೆ ಎರಡೂ ಓಣಿಯಿಂದ ಪಟ್ಟಿ ಹುಟ್ಟುವುದಿಲ್ಲ.

ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ 2024ರಲ್ಲಿ ಹೊಸ ಗಂಟು ಬಿತ್ತು. ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಕಾಡಿನಲ್ಲಿ ಗಣಿಗಾರಿಕೆ ನಡೆಸಲು ಕೇಂದ್ರದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಕಾಯುತ್ತಿತ್ತು. 2024ರ ಜೂನ್‌ನಲ್ಲಿ ಉಕ್ಕು ಸಚಿವರಾದ ಕೂಡಲೇ ಕುಮಾರಸ್ವಾಮಿ ಅದರ ಕಡತಕ್ಕೆ ಸಹಿ ಹಾಕಿದರು. ಸಮುದಾಯ ವಿರೋಧಿಸಿತು. ರಾಜ್ಯದ ಕಾಂಗ್ರೆಸ್ ಸರ್ಕಾರವೂ ಅರಣ್ಯ ಭೂಮಿ ಹಸ್ತಾಂತರಕ್ಕೆ ತಡೆ ಹಾಕಿತು. ಈ ಒಂದು ವಿಷಯದಲ್ಲಿ ಸರ್ಕಾರ ಮತ್ತು ಸಮುದಾಯ ಒಂದೇ ಸಾಲಿನಲ್ಲಿ ನಿಂತವು. ಅದೇ ಸಂಪುಟದಲ್ಲಿ ಸಂತೋಷ್ ಲಾಡ್ 2023ರಲ್ಲಿ ಕಾರ್ಮಿಕ ಸಚಿವರಾಗಿದ್ದರು, ಧಾರವಾಡ ಜಿಲ್ಲೆಯ ಉಸ್ತುವಾರಿಯೂ ಅವರಿಗೇ ಬಂದಿತ್ತು.